ಅರಿಶಿನದ ವೈರು, ಕುಂಕುಮದ ವೈರು

ನೀವು ಇದನ್ನು ನಂಬುವುದಿಲ್ಲ, ಬಿಡಿ. ಕಣ್ಣಾರೆ ನೋಡಿದ ನಮ್ಮ ಬೀದಿಯವರೇ ಇನ್ನೂ ಪೂರ್ತಿ ನಂಬಿಲ್ಲ. ಆದರೆ ಸಾಕ್ಷಿ ನನ್ನ ಮೇಜಿನ ಮೇಲಿದೆ: ಮೂತಿ ಕಪ್ಪಾದ ಒಂದು ಹಳೆಯ ಸ್ಪಾರ್ಕ್ ಪ್ಲಗ್ಗು. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ, ಅದರ ಹಿಂದೆಯೇ ಸಣ್ಣಗೆ ಅರಿಶಿನದ ವಾಸನೆ.

ಉಪ್ಪಾರಹಳ್ಳಿಯ ನಮ್ಮ ಮನೆಯ ವ್ಯಾನಿಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹಾಗಲವಾಡಿಯ ಅತ್ತೆ ಮನೆಗೆ ಅದರಲ್ಲಿ ಹನ್ನೊಂದು ಜನ ಹೋಗಿದ್ದೇವೆ. ಬರುವಾಗ ನನ್ನ ಸೀಟಿನಲ್ಲಿ ಎಳನೀರು ಕೂತಿತ್ತು, ನಾನು ಎಳನೀರಿನ ಮೇಲೆ. ಹೋದ ವರ್ಷ ಇದ್ದಕ್ಕಿದ್ದಂತೆ ಅದಕ್ಕೆ ಬಿಕ್ಕಳಿಕೆ ಶುರುವಾಯಿತು. ಏರು ಕಂಡರೆ ಸಾಕು, ನಾವೆಲ್ಲ ಒಟ್ಟಿಗೆ ತಲೆಯಾಡಿಸುತ್ತಿದ್ದೆವು.

ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: "ಮಾರ್ಬಿಡಣ. ಭಾನುವಾರ ಕುಣಿಗಲ್‌ನಿಂದ ಒಬ್ರು ನೋಡಕ್ಕೆ ಬರ್ತಾರೆ."

ಮಾರುವುದೇ! ಹದಿನೆಂಟು ತುಂಬಿದ ದಿನವೇ ಅದರಲ್ಲಿ ಡ್ರೈವಿಂಗ್ ಕಲಿಯುತ್ತೇನೆಂದು ಇಡೀ ಕಾಲೇಜಿಗೆ ಹೇಳಿಟ್ಟಿದ್ದೆ. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ, ಬಿಕ್ಕಳಿಕೆಗೆ ಹಳೆಯ ಸ್ಪಾರ್ಕ್ ಪ್ಲಗ್ಗೇ ಕಾರಣವೆಂದು ತೀರ್ಮಾನಿಸಿ ಮೆಕ್ಯಾನಿಕ್ಕಾದೆ. ಎರಡನೆಯದನ್ನು ಅರ್ಧಕ್ಕೇ ಬಿಟ್ಟಿದ್ದೆ, ಅದು ಬೇರೆ ವಿಷಯ.

ಭಾನುವಾರ ಬೆಳಿಗ್ಗೆ ಬಿಡಿಭಾಗದ ಅಂಗಡಿಗೆ ಹೋಗಿ ಗತ್ತಿನಿಂದ ಕೇಳಿದೆ: "ಅಣ್ಣ, ರೇಸ್ ಗಾಡಿಗೆ ಹಾಕ್ತಾರಲ್ಲ, ಆ ಪ್ಲಗ್ಗು ಮೂರು ಕೊಡಿ."

"ಯಾವ ಗಾಡಿಗಪ್ಪಾ?"

ಹೇಳಿದೆ. ಅಂಗಡಿಯಣ್ಣ ನಕ್ಕ ನಗುವಿಗೆ ಒಳಗಿದ್ದ ಅವನ ಹೆಂಡತಿಯೂ ಹೊರಗೆ ಬಂದು ನೋಡಿದಳು. "ಆ ವ್ಯಾನ್‌ಗೆ ರೇಸ್ ಪ್ಲಗ್ಗಾ? ಅಳತೆ ತಪ್ಪಿದ್ರೆ ಇಂಜಿನ್ನೇ ಹೋಯ್ತದೆ ಕಣೋ. ಹಳೇವು ಬಿಚ್ಕೊಂಡು ಬಾ, ಅದೇ ನಂಬರಿಂದು ಕೊಡ್ತೀನಿ."

ಮನೆಗೆ ಬಂದೆ. ಅಪ್ಪ ಆಗಲೇ ಕುಣಿಗಲ್‌ನವರನ್ನು ಕರೆತರಲು ಸ್ಕೂಟರಿನಲ್ಲಿ ಬಸ್‌ ಸ್ಟ್ಯಾಂಡಿಗೆ ಹೋಗಿದ್ದರು. ಮುಂದಿನ ಸೀಟು ಎತ್ತಿದರೆ ಅಡಿಯಲ್ಲೇ ಇಂಜಿನ್ನು. ಪ್ಲಗ್ಗು ಮೂರು, ಅವುಗಳ ತಲೆಗೆ ಮೂರು ವೈರು. ಯಾವ ವೈರು ಯಾವುದಕ್ಕೆಂದು ಮರೆಯಬಾರದಲ್ಲ? ಇಲ್ಲಿದೆ ನೋಡಿ ನನ್ನ ತಲೆ! ದೇವರ ಮನೆಯಿಂದ ತಂದು ಮೊದಲ ವೈರಿಗೆ ಅರಿಶಿನ ಹಚ್ಚಿದೆ, ಎರಡನೆಯದಕ್ಕೆ ಕುಂಕುಮ, ಮೂರನೆಯದಕ್ಕೆ ವಿಭೂತಿ. ಪ್ಲಗ್ಗು ಮೂರನ್ನೂ ಬಿಚ್ಚಿ ಜೇಬಿಗಿಳಿಸಿ ಮತ್ತೆ ಓಡಿದೆ.

ಹೊಸವು ತಂದು ನೋಡಿದರೆ ಮೂರು ವೈರಿಗೂ ಅರಿಶಿನ, ಮೂರಕ್ಕೂ ಕುಂಕುಮ, ಮೂರಕ್ಕೂ ವಿಭೂತಿ. ಮೇಲೊಂದೊಂದು ಸೇವಂತಿಗೆ ಹೂವು. ಪಕ್ಕದಲ್ಲಿ ಊದುಬತ್ತಿ ಹಿಡಿದ ನಮ್ಮಜ್ಜಿ.

"ಅಜ್ಜೀ! ಏನ್ ಮಾಡ್ಬಿಟ್ಟೆ!"

"ಪೂಜೆ ಶುರು ಮಾಡಿ ಅರ್ಧಕ್ಕೆ ಬಿಟ್ಟು ಹೋಗಿದ್ಯಲ್ಲೋ! ಒಂದಕ್ಕೆ ಅರಿಶಿನ ಇಟ್ಟು ಇನ್ನೊಂದನ್ನ ಬೋಳಾಗಿ ಬುಡ್ತಾರಾ? ಇಷ್ಟು ವರ್ಸ ದುಡಿದೈತೆ, ಹೋಗೋವಾಗ ಲಕ್ಷಣವಾಗಿ ಹೋಗ್ಲಿ."

ಹೊಸ ಪ್ಲಗ್ಗುಗಳನ್ನೇನೋ ಕೂರಿಸಿದೆ. ಮೂರು ವೈರನ್ನು ಆರು ಥರ ಸಿಕ್ಕಿಸಬಹುದೆಂದು ಲೆಕ್ಕದ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೊದಲ ಸಲ ವ್ಯಾನು ಕೆಮ್ಮಿತು. ಎರಡನೆಯ ಸಲ ಒಂದು ವೈರು ಎಷ್ಟು ಎಳೆದರೂ ಸಾಲದೆ, ದಮ್ಮು ಕಟ್ಟಿ ಎಳೆದು ಸಿಕ್ಕಿಸಿದೆ. ಕೀ ತಿರುಗಿಸಿದರೆ ಹಿಂದಿನಿಂದ ಢಂ! ಎದುರು ಮನೆಯವರು ಯಾರ ಮದುವೆಯೆಂದು ಕೇಳಿದರು.

ಅಷ್ಟರಲ್ಲಿ ಗೇಟು ತೆರೆಯಿತು. ಅಪ್ಪ; ಅವರ ಬೆನ್ನಿಗೆ ಕುಣಿಗಲ್‌ನವರು.

ಅಪ್ಪ ಬೈಯಲಿಲ್ಲ. ಅದೇ ಹೆದರಿಕೆ. ಬಗ್ಗಿ ನೋಡಿ, ಹೂವುಗಳನ್ನು ಅಜ್ಜಿಯ ಕೈಗೆ ಕೊಟ್ಟು, ಹತ್ತು ಸೆಕೆಂಡಿನಲ್ಲಿ ಮೂರು ವೈರನ್ನೂ ಕೂರಿಸಿದರು. "ವೈರಿನ ಉದ್ದ ನೋಡ್ಲಿಲ್ವೇನೋ? ಉದ್ದದ್ದು ದೂರದ್ದಕ್ಕೆ, ಗಿಡ್ಡದ್ದು ಹತ್ರದ್ದಕ್ಕೆ. ಅಷ್ಟೇ."

ವ್ಯಾನು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಬಿಕ್ಕಳಿಕೆ ಇಲ್ಲವೇ ಇಲ್ಲ, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದೆ. ಕುಣಿಗಲ್‌ನವರ ಮುಖ ಅರಳಿತು. "ಚೆನ್ನಾಗೈತಲ್ಲ ಸಾರ್! ನಾನೇ ತಗೋತೀನಿ."

ನೋಡಿ ನನ್ನ ಗ್ರಹಚಾರ. ಉಳಿಸಿಕೊಳ್ಳಲು ರಿಪೇರಿ ಮಾಡಿ, ಮಾರಾಟಕ್ಕೆ ನಾನೇ ಸಿಂಗರಿಸಿ ನಿಲ್ಲಿಸಿದಂತಾಗಿತ್ತು. ಅಪ್ಪ ಬಾನೆಟ್ಟಿಲ್ಲದ ಆ ಚಪ್ಪಟೆ ಮೂತಿಯ ಮೇಲೆ ಕೈಯಿಟ್ಟು ಆ ಸದ್ದು ಕೇಳಿದರು.

"ಕಾಫಿ ಕುಡ್ಕೊಂಡು ಹೋಗಿ ಸಾರ್," ಎಂದರು. "ಗಾಡಿ ಕೊಡಲ್ಲ."

ಆ ಕ್ಷಣದಲ್ಲಿ ನಾನು ಕುಣಿದ ಕುಣಿತವನ್ನು ಈಗ ವಿವರವಾಗಿ ಬರೆಯೋಣವೆಂದು ಪುಟ ತಿರುಗಿಸಿದ್ದೆ. ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದಾರೆ. ಕೈಯಲ್ಲಿ ಹೊಸ ಪ್ಲಗ್ಗಿನ ಮೂರು ಡಬ್ಬಿ.

"ಬರ್ದಿದ್ದು ಸಾಕು, ಏಳು. ಮತ್ತೆ ಪ್ಲಗ್ಗು ಬದಲಾಯಿಸೋ ಟೈಮಾಯ್ತು. ಈ ಸಲ ನೀನೇ ಹಾಕು, ನಾನು ಮುಟ್ಟಲ್ಲ," ಎಂದು ಸ್ಪ್ಯಾನರನ್ನು ನನ್ನ ಪುಸ್ತಕದ ಮೇಲೇ ಇಟ್ಟರು. "ಮೊದ್ಲು ಹೋಗಿ ದೇವರ ಮನೆ ಬಾಗ್ಲು ಹಾಕ್ಬಾ."