ಮಗ್ಗದ ಗಂಟು

ತೊಂಬತ್ತರ ದಶಕದ ಕೊನೆಯಲ್ಲಿ, ಹತ್ತನೆಯ ತರಗತಿಯಲ್ಲಿದ್ದಾಗ, ಸ್ಕೌಟಿನಲ್ಲಿ ನನ್ನ ತೋಳಿಗೆ ಲೀಡರ್ ಪಟ್ಟಿ ಬಿತ್ತು. ಕೈಕೆಳಗೆ ಏಳು ಹುಡುಗರು, ಕೊರಳಲ್ಲೊಂದು ಸೀಟಿ, ಕೈಯಲ್ಲೊಂದು ಕೋಲು. ನಾಯಕತ್ವವೆಂದರೆ ಆ ಕೋಲೇ ಎಂದು ತಿಳಿದಿದ್ದ ಕತ್ತೆ ನಾನು. ಬಾಗಲಕೋಟೆ ಬಿಡುವ ಮೊದಲೇ ಬಸ್ಸಿನಲ್ಲಿ ಇಬ್ಬರಿಗೆ ಬಾರಿಸಿದ್ದೆ.

ಬಾದಾಮಿಯ ಗುಡ್ಡದಲ್ಲಿ ಮೂರು ದಿನ ಸೇವಾ ಚಾರಣ. ನೋಡಲು ಬಂದ ಮಂದಿ ಕೊರಕಲಿಗೆ ಎಸೆದುಹೋದ ಬಾಟಲಿ ಆರಿಸುವುದು ನಮ್ಮ ಕೆಲಸ. ಎರಡನೆಯ ದಿನ ಎರಡಾಳು ಆಳದ ಬಂಡೆಯ ಕೆಳಗೆ ಇಳಿಯಬೇಕಾಯಿತು. ನಮ್ಮ ಸ್ಕೌಟ್ ಮಾಸ್ತರರಾದ ಸರ್ ಗುಡ್ಡದ ಆಚೆ ಮಗ್ಗುಲಲ್ಲಿದ್ದರು. ನಾರಿನ ದಪ್ಪ ಹಗ್ಗ ಸಾಲದೆ, ಅದಕ್ಕೆ ಸಣ್ಣ ನೈಲಾನ್ ಹಗ್ಗ ಜೋಡಿಸಬೇಕಿತ್ತು. ಗುಳೇದಗುಡ್ಡದ ನೇಕಾರರ ಮನೆಯ ಹುಡುಗ, ನಮ್ಮಲ್ಲೇ ಚಿಕ್ಕವನು, ಥಟ್ಟನೆ ಗಂಟು ಹಾಕಿದ. ಅದು ಸರ್ ನಮಗೆ ಕಲಿಸಿದ, ಸಮ ದಪ್ಪದ ಹಗ್ಗಗಳಿಗೆ ಹಾಕುವ ರೀಫ್ ಗಂಟಾಗಿರಲಿಲ್ಲ.

"ಏನಲೇ ಇದು?"

"ಮಗ್ಗದಾಗ ಎಳಿ ಹರದ್ರ ಹಿಂಗ ಕೂಡಸ್ತೀವ್ರಿ. ಒಂದ ದಪ್ಪ, ಒಂದ ಸಣ್ಣ ಇದ್ರೂ ಜಾರೂದಿಲ್ಲ."

"ನೀ ನನಗ ಕಲಸಾಕ ಬಂದೀಯೇನ್ ಮಗನ?"

ಕಪಾಳಕ್ಕೆ ಎರಡು ಬಿಟ್ಟೆ. ಮೂಗಿನ ರಕ್ತ ಅವನ ಸ್ಕಾರ್ಫಿಗೆ ಇಳಿಯಿತು. ಅವನ ಗಂಟು ಬಿಚ್ಚಿ ರೀಫ್ ಗಂಟು ಹಾಕಿ, ಹಗ್ಗವನ್ನು ಮರಕ್ಕೆ ಬಿಗಿದೆ. ಮೊದಲು ಇಳಿಯಬೇಕಾದವನು ಲೀಡರ್. ನಾನು ಆ ಹುಡುಗನಿಗೆ "ಇಳಿ" ಎಂದೆ.

"ಬ್ಯಾಡ್ರಿ ಅಣ್ಣಾರ, ಇದು ಜಾರತೈತಿ."

ಕೋಲಿನಿಂದ ತೊಡೆಗೆ ಹೊಡೆದೆ. ಇಳಿದ.

ನಾಲ್ಕು ಹೆಜ್ಜೆಗೆ ನೈಲಾನು ನಾರಿನಿಂದ ನುಣುಚಿಕೊಂಡಿತು. ಧೊಪ್ಪನೆ ಸದ್ದು, ಆಮೇಲೆ ಚೀರಾಟ. ಅವನ ಬಲಗೈ ಮುರಿದು ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಉಳಿದ ಆರು ಮಂದಿ ನನ್ನನ್ನು ಕೆಡವಿ ಒದ್ದರು. ನನ್ನ ಕೋಲಿನಿಂದಲೇ ಬೆನ್ನು ಮುರಿದರು. ಸರಿಯಾಗೇ ಮಾಡಿದರು. ಆಮೇಲೆ ಎರಡು ಕೋಲಿಗೆ ಅಂಗಿಗಳನ್ನು ಪೋಣಿಸಿ, ಅವನನ್ನು ಮಲಗಿಸಿ, ಹೆಜ್ಜೆ ತಪ್ಪದೆ ಹೊತ್ತು ಇಳಿಸಿದರು. ನನ್ನ ಸೀಟಿ ಯಾರಿಗೂ ಬೇಕಾಗಲಿಲ್ಲ.

ದವಾಖಾನೆಗೆ ಸರ್ ಓಡಿ ಬಂದರು. ಮಂಚದ ಪಕ್ಕ ನಾನೊಬ್ಬನೇ ಇದ್ದೆ.

"ಗಂಟ ಕಟ್ಟಿದಾಂವ ಯಾರಲೇ?"

ಹೇಳಿದರೆ ನನ್ನ ಪಟ್ಟಿ ಹೋಗುತ್ತಿತ್ತು.

"ನಾನ ರೀ ಸರ್. ನಮ್ಮ ಮಗ್ಗದ ಗಂಟು" ಎಂದ ಅವನು, ನನ್ನನ್ನು ನೋಡದೆ.

"ನಾ ಕಲಿಸಿದ್ದ ಬಿಟ್ಟು ಮನಿ ಗಂಟ ಹಾಕ್ತೀಯಾ?" ಮಲಗಿದ್ದವನ ಕೆನ್ನೆಗೇ ಸರ್ ಹೊಡೆದರು. ನಾನು ತುಟಿ ಬಿಚ್ಚಲಿಲ್ಲ. ಹೊರಗಿದ್ದವರಿಗೂ ಬಾಯಿ ಬಿಡಬೇಡಿ ಎಂದು ಅವನೇ ಹೇಳಿದನಂತೆ. ಹೆದರಿ ಹೇಳಿದನೋ, ನನ್ನ ಮೇಲಿನ ಮರುಕಕ್ಕೋ, ಇವತ್ತಿಗೂ ತಿಳಿಯದು.

ತಿಂಗಳಾದ ಮೇಲೆ ಸರ್ ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಜೋಡಿಸುವ ಗಂಟಿನ ಚಿತ್ರವನ್ನು ಶಾಲೆಯ ಬೋರ್ಡಿನ ಮೇಲೆ ಬರೆದು, ಕಟ್ಟಿ ತೋರಿಸು ಎಂದು ನನ್ನನ್ನು ಕರೆದರು. ನನಗೆ ಬರಲಿಲ್ಲ. ಅವನು ಪ್ಲಾಸ್ಟರ್ ಕೈ ಹೊತ್ತು ಬಂದು, ಒಂದು ತುದಿ ಹಲ್ಲಲ್ಲಿ ಕಚ್ಚಿ, ಎಡಗೈಯಿಂದಲೇ ಕಟ್ಟಿದ.

"ಯಾರ್ ಕಲಿಸಿದ್ರೋ ನಿನಗ?"

"ನಮ್ಮವ್ವ ರೀ. ಮಗ್ಗದ ಗಂಟು."

ಸರ್ ಗಂಟನ್ನು ಎಳೆದರು. ಜಾರಲಿಲ್ಲ. "ಹಂಗಾರ ಅವತ್ತ ಜಾರಿದ್ದ ಗಂಟ ಯಾರದಲೇ?" ಎಂದು ಅವರು ನನ್ನ ಕಡೆ ತಿರುಗಿದರು. ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಹೊಡೆಯಲಿ ಎಂದು ಕೆನ್ನೆ ಕೊಟ್ಟು ನಿಂತೆ. ಯಾರೂ ಹೊಡೆಯಲಿಲ್ಲ.