ಮೂರನೇ ಅಂಕಣದ ಮರಿಗಳು

ನಮ್ಮ ಜನಕ್ಕೆ ಒಳ್ಳೆಯದು ಅಂತ ಹೇಳಿಬಿಟ್ಟರೆ ಮುಗಿಯಿತು, ಚಮಚ ಹಾಕುವ ಕಡೆ ಹಿಡಿ ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷ ಅನ್ನುವುದೆಲ್ಲ ಬರೀ ಬಾಯಿಮಾತು. ಕೋಳಿ ಮೇವಿಗೆ ಬೆರೆಸುವ ಪ್ರೋಬಯಾಟಿಕ್ ಪುಡಿ, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳ ಪುಡಿ, ಅಂಗಡಿಗೆ ಹೋಗುವ ಮೊದಲು ಹತ್ತು ಪಟ್ಟು ತಿನ್ನಿಸಿ ನೋಡುವುದು ಅದಕ್ಕೇ. ಅವುಗಳಲ್ಲೂ ವಿಷ ಕಾರುವ ಜಾತಿಗಳಿವೆ. ಚಿಕ್ಕಬಳ್ಳಾಪುರದ ಲ್ಯಾಬಿನಲ್ಲಿ ಆ ಪರೀಕ್ಷೆ ನನ್ನ ಕೆಲಸ.

ಕೈವಾರದ ಹತ್ತಿರ ಒಬ್ಬ ಅಕ್ಕನ ಶೆಡ್ಡು ಹಿಡಿದಿದ್ದೆವು. ಅಡ್ಡ ಜಾಲರಿ ಕಟ್ಟಿ ಮೂರು ಅಂಕಣ ಮಾಡಿ ಮರಿ ಬಿಟ್ಟೆವು: ಮೊದಲ ಅಂಕಣಕ್ಕೆ ಬರೀ ಮೇವು, ಎರಡನೆಯದಕ್ಕೆ ಹೇಳಿದಷ್ಟು ಪುಡಿ, ಮೂರನೆಯದಕ್ಕೆ ಹತ್ತು ಪಟ್ಟು. ಮರಿ ಬಿಟ್ಟ ದಿನ ಬೆಲ್ಲದ ನೀರು ಕುಡಿಸಿ ಹೊರಡುವಾಗ ಬಾಯಿಗೆ ಬಂದದ್ದನ್ನು ಹೇಳಿದೆ: "ಒಂದೂ ಸಾಯದ ಹಂಗೆ ನೋಡ್ಕೊಳ್ಳಕ್ಕ." ಸತ್ತರೆ ಬರೆದಿಡು ಅನ್ನಬೇಕಿತ್ತು. ಅನ್ನಲಿಲ್ಲ. ಹಾಳು ಬಾಯಿ!

ವಾರವಾರ ಹೋಗಿ ಎಣಿಸಿದೆ. ಮೂರೂ ಅಂಕಣ ಭರ್ತಿ. ಮೂರನೆಯದರಲ್ಲಿ ಕೆಲವು ಸೊರಗಿದ್ದವು. ಮರಿ ಅಂದಮೇಲೆ ಹೆಚ್ಚುಕಡಿಮೆ ಇದ್ದದ್ದೇ ಅಂದುಕೊಂಡು, ವರದಿಯಲ್ಲಿ 'ಹತ್ತು ಪಟ್ಟು ಹಾಕಿದರೂ ಸುರಕ್ಷಿತ' ಎಂದು ಬರೆದು ಸಹಿ ಹಾಕಿದೆ. ಅಕ್ಕನಿಗೂ ಒಂದು ಪ್ರತಿ ಕೊಟ್ಟೆ, ದೊಡ್ಡ ಮನುಷ್ಯನ ಹಾಗೆ.

ಪುಡಿ ಅಂಗಡಿಗೆ ಬಂದ ಮೇಲೆ ಅಕ್ಕನ ಫೋನು ಬಂತು. "ಅಯ್ಯೋ ದೇವುಡಾ, ಬೇಗ ಬಾರಪ್ಪ!" ಗೌರಿಬಿದನೂರಿಗೆ ಕೊಟ್ಟಿದ್ದ ಮಗಳ ಶೆಡ್ಡಿನಲ್ಲಿ ಮರಿಗಳು ಸಾಯುತ್ತಿದ್ದವು. ಹೋಗಿ ನೋಡಿದರೆ ಭತ್ತದ ಹೊಟ್ಟಿನ ಮೇಲೆ ರೆಕ್ಕೆ ಇಳಿಬಿಟ್ಟು ಬಿದ್ದಿವೆ. ಸತ್ತದ್ದೊಂದನ್ನು ಕೊಯ್ದೆ. ಕರುಳೆಲ್ಲ ರಕ್ತ. ಮಗಳು ಸತ್ತವನ್ನು ಚೀಲಕ್ಕೆ ತುಂಬುತ್ತಿದ್ದಳು, ಅಕ್ಕ ಪಕ್ಕದಲ್ಲಿ ನಿಂತಿದ್ದಳು.

"ಎಷ್ಟಮ್ಮ ಹಾಕ್ದೆ ಪುಡಿ?"

"ಹಿಡಿಹಿಡಿ ಹಾಕ್ದೆ ಅಣ್ಣ. ಹತ್ತು ಪಟ್ಟು ಹಾಕಿದ್ರೂ ಏನೂ ಆಗಲ್ಲ ಅಂತ ಅಮ್ಮ ಹೇಳ್ತು."

ನಾನು ಅಕ್ಕನ ಕಡೆ ತಿರುಗಿದೆ. "ನಿನ್ ಶೆಡ್ಡಲ್ಲಿ ಒಂದೂ ಸಾಯ್ಲಿಲ್ವಲ್ಲಕ್ಕ!"

ಅವಳು ನೆಲ ನೋಡಿದಳು. "ಸತ್ತವು ಕಣಪ್ಪ. ಹ್ಯಾಚರಿಯೋರು ನೂರಕ್ಕೆ ಒಂದೆರಡು ಹೆಚ್ಗೆ ಹಾಕ್ತಾರಲ್ಲ, ಅವನ್ನ ಬುಟ್ಟೀಲಿ ಸಾಕಿದ್ದೆ. ಸತ್ತಂಗೆಲ್ಲ ಅವನ್ನ ತಂದು ಅಂಕಣಕ್ಕೆ ಬಿಟ್ಟು ಲೆಕ್ಕ ತುಂಬ್ದೆ. ಮುಂಚೆ ಕಂಪ್ನಿ ಕೋಳಿ ಸಾಕ್ವಾಗ ಒಂದು ಕಮ್ಮಿ ಆದ್ರೂ ಸೂಪರ್‌ವೈಸರು ಉಗೀತಿದ್ದ. ನೀನೂ ಒಂದೂ ಸಾಯಬಾರ್ದು ಅಂದಿದ್ದೆ."

ಅವಳ ಮೇಲೆ ರೇಗಿದೆ. ರೇಗಬೇಕಾದದ್ದು ನನ್ನ ಮೇಲೆ. "ಸಾಯೋದನ್ನ ಕಣ್ಣಾರೆ ನೋಡೀನೂ ಮಗಳಿಗೆ ಹಾಕು ಅಂದ್ಯಾ?"

"ನಾನೇನು ಓದಿದೋಳಾ? ನನ್ ಕೈಗುಣ ಸರಿ ಇಲ್ಲ, ಅದಕ್ಕೆ ಸತ್ತವು ಅಂದ್ಕೊಂಡೆ. ಪುಡಿ ಚೆನ್ನಾಗೈತೆ ಅಂತ ನೀನೇ ಸಹಿ ಹಾಕಿದ್ಯಲ್ಲಪ್ಪ."

ಅಲ್ಲೇ ನಿಂತು ಲ್ಯಾಬಿಗೆ ಫೋನ್ ಮಾಡಿ, ನನ್ನ ವರದಿ ತಪ್ಪು, ಪುಡಿ ಮಾರುವುದನ್ನು ನಿಲ್ಲಿಸಿ ಅಂದೆ. ಫೋನಿಟ್ಟು ತಿರುಗಿದರೆ ಮಗಳು ಇನ್ನೊಂದು ಖಾಲಿ ಚೀಲ ಹಿಡಿದು ನಿಂತಿದ್ದಳು.

"ಸ್ವಲ್ಪ ಹಿಡ್ಕೊ ಅಣ್ಣ."

ಹಿಡಿದುಕೊಂಡೆ. ಅವಳು ಹಾಕಿದ ಮರಿಗಳು ಇನ್ನೂ ಬೆಚ್ಚಗಿದ್ದವು.