ಅಕ್ಕಿ ಡಬ್ಬದ ಪಕ್ಕದ ಕಲ್ಲು

ಜಯನಗರದ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ದಪ್ಪ ಪುಸ್ತಕವೊಂದನ್ನು ತಿರುವಿಹಾಕುತ್ತ ಕುಳಿತಿದ್ದೆ. ಒಂದು ಪುಟದಲ್ಲಿ ಕಲ್ಲಿನ ಹೆಂಗಸು. ಅಕ್ಷರ ಹುಟ್ಟುವುದಕ್ಕೂ ಎಷ್ಟೋ ಹಿಂದಿನವಳು. ತಲೆ, ಹೊಟ್ಟೆ ಎಲ್ಲ ಕಲ್ಲಿಗೆ ತಾನಾಗಿಯೇ ಬಂದದ್ದು. ಯಾರೋ ಕುತ್ತಿಗೆಯ ಬಳಿ ಒಂದು ಗೀರು ಎಳೆದಿದ್ದಾರೆ, ಅಷ್ಟೇ. ಆ ಗೀರು ಮನುಷ್ಯರದೋ ನೀರಿನದೋ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಾರಂತೆ. ಅವರಿಗೆ ಬೇರೆ ಕೆಲಸವಿಲ್ಲ. ಫ್ಯಾನಿನ ಗಾಳಿಗೆ ಪುಟ ಮೆಲ್ಲಗೆ ಎದ್ದು ಬೀಳುತ್ತಿತ್ತು, ಅವಳು ಉಸಿರಾಡುತ್ತಿದ್ದಾಳೆ ಅನ್ನಿಸಿತು. ಎಲ್ಲೋ ನೋಡಿದ ಆಕಾರ. ಬಸ್ಸು ಬನಶಂಕರಿ ದಾಟುವಾಗ ಹೊಳೆಯಿತು: ನಮ್ಮ ಅಡುಗೆಮನೆಯಲ್ಲಿ!

ಪದ್ಮನಾಭನಗರದ ನಮ್ಮ ಮನೆಗೆ ಪಾಯ ತೋಡಿದಾಗ ಸಿಕ್ಕ ಕಲ್ಲು ಅದು. ಸಣ್ಣ ತಲೆ, ದುಂಡು ಹೊಟ್ಟೆ. ಅಮ್ಮ ಅದರಿಂದ ಶುಂಠಿ ಜಜ್ಜುತ್ತಿದ್ದಳು. ಆಮೇಲೆ ಯಾವಾಗಲೋ ಹಿತ್ತಾಳೆ ಕುಟ್ಟಾಣಿ ತಂದಳು, ಕಲ್ಲು ಅಕ್ಕಿ ಡಬ್ಬದ ಪಕ್ಕಕ್ಕೆ ಹೋಯಿತು. ಮಗಳ ನಾಮಕರಣದಲ್ಲಿ, ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಮಲಗಿಸುವ ಶಾಸ್ತ್ರಕ್ಕೆ, ಅಮ್ಮ ಇದಕ್ಕೇ ಬಟ್ಟೆ ಸುತ್ತಿ ಕಾಡಿಗೆಯಲ್ಲಿ ಕಣ್ಣು ಬರೆದಿದ್ದಳು.

ಅದಕ್ಕೆ ಎರಡು ವರ್ಷ ಮುಂಚೆ ನನ್ನ ಮೊದಲ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಮುಖವನ್ನು ಯಾರೂ ನನಗೆ ತೋರಿಸಲಿಲ್ಲ. ನೋಡಿದವಳು ಅಮ್ಮನೊಬ್ಬಳೇ. ಹೇಗಿತ್ತು ಎಂದು ಕೇಳುವ ಆಸೆಯನ್ನು ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದೆ, ಕೇಳಲು ಭಯ. ಆ ದಿನಗಳ ಮಧ್ಯಾಹ್ನ, ಮಾತ್ರೆಯ ಮಂಪರಿನಲ್ಲಿ, ಎಲ್ಲಿಂದಲೋ ಕರ್ ಕರ್ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಟೈಲ್ಸ್ ಕೆಲಸ ಅಂದುಕೊಂಡಿದ್ದೆ.

ಮನೆಗೆ ಬಂದವಳೇ ಕಲ್ಲನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಳೆಯ ಕಾಡಿಗೆ ಕರಗಿ ಹೋಯಿತು. ಅದರಡಿ ಎರಡು ಗೀರು, ಕೆಳಗೊಂದು. ಮುಚ್ಚಿದ ಕಣ್ಣು, ಮುಚ್ಚಿದ ಬಾಯಿ.

"ಅಮ್ಮ, ಇದನ್ನ ನೀನು ಮಾಡಿದ್ದಾ?"

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಹೂಂ ಕಣೇ. ಮೊಳೆಯಲ್ಲಿ ಗೀರಿದ್ರೆ ಹತ್ತಲಿಲ್ಲ. ಇನ್ನೊಂದು ಕಲ್ಲು ತೊಗೊಂಡು ಉಜ್ಜಿದೆ. ನೀನು ಮಲಗಿರ್ತಿದ್ದೆಯಲ್ಲ, ಆವಾಗ."

"ಯಾಕೆ?"

"ನೀನು ಒಂದಿನ ಕೇಳ್ತೀಯ ಅಂತ. ಅಷ್ಟೊತ್ತಿಗೆ ನಂಗೆ ಮರೆತುಹೋಗಿದ್ರೆ?" ಅಮ್ಮ ಕಲ್ಲಿನ ಕಡೆ ನೋಡಿದಳು. "ಹೀಗೇ ಇತ್ತು. ನಿದ್ದೆ ಮಾಡ್ತಿರೋ ಥರ."

"ಮತ್ತೆ ನಾಮಕರಣದ ದಿನ..."

"ಮೊದಲನೇದು ಅಲ್ವೇನೇ ಅದು? ತೊಟ್ಟಿಲಲ್ಲಿ ಅದೇ ಮೊದಲು ಮಲಗಬೇಕಲ್ಲ."

ನಾನು ಕಲ್ಲನ್ನು ಸೆರಗಿನಲ್ಲಿ ಒರೆಸಿ ಹೆಗಲಿಗೆ ಹಾಕಿಕೊಂಡೆ. ಕುತ್ತಿಗೆಗೆ ತಣ್ಣಗೆ ತಾಗಿತು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು.